ಕಿರುಬೆರಳಿಗೆ ಹತ್ತು ದಿನ, ಮಣಿಕಟ್ಟಿಗೆ ಸೊನ್ನೆ

ಸಾಮಾಜಿಕ ವಿಮಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ಒಂಬತ್ತರ ಬೆಳಿಗ್ಗೆ ನನ್ನ ಎಡಗಾಲಿನ ಕಿರುಬೆರಳು ನಮ್ಮ ಮನೆಯ ಮೇಜಿನ ಕಾಲಿಗೆ ಬಡಿಯಿತೆಂಬ ಸಂಗತಿಯನ್ನು ಸಮಸ್ತ ಯುರೋಪಿನ ಅವಗಾಹನೆಗೆ ತರಬಯಸುತ್ತೇನೆ. ಆ ಬೆರಳನ್ನು ನೀವು ನಡೆಸಿಕೊಂಡ ರೀತಿಯ ಬಗ್ಗೆಯೇ ನನ್ನ ದೂರು: ತೀರಾ ಚೆನ್ನಾಗಿ ನಡೆಸಿಕೊಂಡಿರಿ. ಡಾಕ್ಟರು ಹತ್ತು ದಿನ ಸಂಬಳಸಹಿತ ರಜೆ ಬರೆದರು. ನಾನು ಆಸ್ಟ್ರಿಯಾದ ಲಿಂಟ್ಸ್ ನಗರದ ನೀರು ಸರಬರಾಜು ಕಚೇರಿಯ ಗುಮಾಸ್ತ. ಅಲ್ಲಿ ಕಾಲ್ಬೆರಳಿನಿಂದ ಮಾಡುವ ಕೆಲಸ ಯಾವುದೂ ಇಲ್ಲ.

ಅದೇ ವಾರ, ಅದೇ ಮನೆಯ ಬಚ್ಚಲಲ್ಲಿ ಜಾರಿದ ನನ್ನ ತಾಯಿಯನ್ನು ಹಿಡಿಯಲು ಹೋಗಿ ಜ್ಲಾತಿತ್ಸಾಳ ಮಣಿಕಟ್ಟು ಊದಿಕೊಂಡಿತು. ಆಕೆ ಸ್ಲೊವಾಕಿಯಾದವಳು. ಎರಡು ವಾರ ಹಗಲಿರುಳು ನಮ್ಮಲ್ಲಿದ್ದು ಅಮ್ಮನನ್ನು ನೋಡಿಕೊಳ್ಳುತ್ತಾಳೆ. ಮುಂದಿನೆರಡು ವಾರ ಅವಳು ಊರಿಗೆ ಹೋದಾಗ ಇನ್ನೊಬ್ಬಾಕೆ ಬರುತ್ತಾಳೆ. ನಿಮ್ಮ ಕಡತದಲ್ಲಿ ಜ್ಲಾತಿತ್ಸಾ ಕೆಲಸದವಳಲ್ಲ, ಸ್ವತಂತ್ರ ಉದ್ಯಮಿ. ನಾನು ಆಕೆಯ ಗ್ರಾಹಕ. ಹಾಗೆಂದು ಬರೆದ ಕರಾರಿಗೆ ನಾನೇ ಸಹಿ ಹಾಕಿದ್ದೇನೆ. ರಜೆ, ಬೋನಸ್ಸಿನ ತಾಪತ್ರಯ ಇರುವುದಿಲ್ಲ ಎಂದು ಆಕೆಯನ್ನು ಕಳುಹಿಸಿದ ಏಜೆನ್ಸಿಯವರು ಹೇಳಿದಾಗ, ಯಾರ ತಾಪತ್ರಯ ಎಂದು ನಾನು ಕೇಳಲಿಲ್ಲ.

ಊದಿದ ಕೈಗೆ ಕೋಸಿನ ಎಲೆ ಕಟ್ಟಿಕೊಂಡು ಆಕೆ, ಸೋಫಾದಲ್ಲಿ ಮಲಗಿದ್ದ ನನಗೆ ಸೂಪು ತಂದಿಟ್ಟಳು.

"ನೀನೂ ಒಂದೆರಡು ದಿನ ರಜಾ ತಗೋಬಾರ್ದಾ?" ಎಂದೆ, ಧಾರಾಳವಾಗಿ.

"ಕೊಡೋರು ಯಾರು ಯಜಮಾನ್ರೇ? ನನ್ನ ಕಂಪನಿಗೆ ನಾನೇ ಮಾಲಕಿ. ಬಲು ಜಿಪುಣಿ."

ಎಂಬತ್ತೆಂಟರ ಅಮ್ಮ ಕುರ್ಚಿಯಿಂದಲೇ, "ಅವಳ ಕೈ ನೋಡೋ ಪೋಲ್ದಿ. ನಿನ್ನ ಬೆರಳನ್ನ ಆಗ್ಲೇ ಇಡೀ ಬೀದಿ ನೋಡಿದೆ," ಎಂದಳು.

"ನಿಮ್ಮ ಡಾಕ್ಟ್ರಿಗೆ ಒಂದ್ಸಲ ತೋರಿಸ್ಲಾ?" ಜ್ಲಾತಿತ್ಸಾ ಕೇಳಿದಳು.

"ಇನ್ನೈದೇ ದಿನ ಅಲ್ವಾ, ಊರಿಗೆ ಹೋದ್ಮೇಲೆ ತೋರಿಸು. ನಿಮ್ಮ ಭಾಷೇಲೇ ಹೇಳ್ಕೋಬಹುದು."

ಎಂಥ ಕಾಳಜಿ ನೋಡಿ. ನಿಜ ಹೇಳಬೇಕೆಂದರೆ, ಡಾಕ್ಟರು ವಿಶ್ರಾಂತಿ ಬರೆದುಬಿಟ್ಟರೆ ಅಮ್ಮನನ್ನು ಎತ್ತುವವರು ಯಾರೆಂದು ಹೆದರಿದೆ. ಆಕೆ ಐದು ದಿನ ಎತ್ತಿದಳು. ಊರಲ್ಲಿ ಎಕ್ಸ್‌ರೇ ತೆಗೆದಾಗ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಕೆಲಸವಿಲ್ಲದ ದಿನಕ್ಕೆ ಸಂಪಾದನೆಯೂ ಇಲ್ಲ. ಫೋನಿನಲ್ಲಿ ಆಕೆ ಬೈಯಲಿಲ್ಲ. "ನನ್ನ ಜಾಗಕ್ಕೆ ಬೇರೆಯವ್ರನ್ನ ಖಾಯಂ ಮಾಡ್ಬಿಡ್ಬೇಡಿ ಯಜಮಾನ್ರೇ," ಎಂದಳು, ಅಷ್ಟೇ.

ಮಾನ್ಯರೇ, ನಮ್ಮೆರಡೂ ದೇಶಗಳದು ಒಂದೇ ಐರೋಪ್ಯ ಒಕ್ಕೂಟವಂತೆ. ಡ್ಯಾನ್ಯೂಬ್ ನದಿ ನಮ್ಮೂರಿನಿಂದ ಆಕೆಯ ದೇಶಕ್ಕೇ ಹರಿಯುತ್ತದೆ. ಸವಲತ್ತಿಗೆ ಮಾತ್ರ ಈಜು ಬಾರದೇ? ಅಲ್ಲಿನ ಸಂಬಳ ಸಾಲದೆಂದು ಆಕೆ ಇಲ್ಲಿಗೆ ಬರುತ್ತಾಳೆ. ಇಲ್ಲಿನವರಿಗೆ ಕೊಡಬೇಕಾದ್ದನ್ನು ಕೊಡಲಾರದೆ ನಾವು ಅಲ್ಲಿಂದ ಕರೆಸುತ್ತೇವೆ. ಈ ಏರುಪೇರು ಸರಿಹೋದರೆ ನಮ್ಮ ಅಮ್ಮಂದಿರನ್ನು ಎತ್ತುವವರು ಯಾರೆಂಬ ಭಯ ನಿಮಗೂ ಇದೆಯೇ?

ಒಬ್ಬರ ಮನೆಯಲ್ಲಿ ಹಗಲಿರುಳು ದುಡಿಯುವವಳನ್ನು ಉದ್ಯಮಿ ಎನ್ನುವ ತಮಾಷೆ ನಿಲ್ಲಿಸಿ. ಗಾಯವಾದ ಮೊದಲ ದಿನದಿಂದಲೇ ಆಕೆಗೆ ಪರಿಹಾರ ಕೊಡಿ. ಅದರ ಭಾರ ನಮ್ಮಂಥವರ ಮೇಲೂ ಹಾಕಿ; ಗೊಣಗುತ್ತೇವೆ, ಕೊಡುತ್ತೇವೆ.

ಸದ್ಯಕ್ಕೆ ಒಂದು ಸಣ್ಣ ಉಪಕಾರ. ಆಕೆಯ ಅಪಘಾತಕ್ಕೆ ಸಾಕ್ಷಿಯಾಗಿ ನಾನು ತುಂಬಬೇಕಾದ ನಿಮ್ಮ ನಮೂನೆ ತಲುಪಿದೆ. 'ವೈದ್ಯರಿಗೆ ತೋರಿಸಲು ತಡವಾದುದಕ್ಕೆ ಕಾರಣ' ಎಂಬಲ್ಲಿ ಒಂದೇ ಗೆರೆಯಷ್ಟು ಜಾಗ ಬಿಟ್ಟಿದ್ದೀರಿ. ನನಗೆ ಸಾಲದು. ಇನ್ನೊಂದು ಹಾಳೆ ಅಂಚೆಯಲ್ಲಿ ಕಳುಹಿಸಿಕೊಡಿ.

ಇಂತಿ,
ಎರಡು ಕೈಯೂ ನೆಟ್ಟಗಿರುವ
ಲೆಯೋಪೋಲ್ಡ್ ಶ್ಟೈನ್‌ಬಾಖರ್