ಎರಡರಿಂದ ಆರರವರೆಗೆ

ಜೂನ್ 1, 1996. ಶನಿವಾರ, ಸಂಜೆ

ಮನೆ ಸಿಕ್ಕಿತು! ನಾವಿಬ್ಬರೇ ಇರುವ ಮನೆ! ಚಾಮರಾಜನಗರ, ರೈಲ್ವೆ ಸ್ಟೇಷನ್ ಹಿಂದಿನ ಬೀದಿ. ತೆರಕಣಾಂಬಿಯ ಅತ್ತೆ ಮನೆಗೆ ಟಾಟಾ. ಸುನೀಲ್ ಆಫೀಸು ಗುಂಡ್ಲುಪೇಟೆ. ದಿನಾ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬರುತ್ತಾರಂತೆ. ನಾನು ರೈಲು ಹತ್ತಿದರೆ ಮೈಸೂರು, ಅಮ್ಮ! ಎಲ್ಲ ನನಗೋಸ್ಕರ... ಪಾತ್ರೆ ಜೋಡಿಸಬೇಕು. ಬಂದೆ ಬಂದೆ.

ಜೂನ್ 2, ಭಾನುವಾರ, ಮಧ್ಯಾಹ್ನ 3

ಹೊಸ ಮನೆಗೆ ಇವರು ಹೊಸದಾಗಿ ಹಾಕಿಕೊಂಡ ಭಾನುವಾರ ನೋಡಬೇಕು. ಸೋ ಸ್ವೀಟ್. ಬೆಳಿಗ್ಗೆ ತಲೆಗೆ ಎಣ್ಣೆ, ಬಿಸಿನೀರು. ಆಮೇಲೆ ನನ್ನ ಕೈಯಿಂದ ವಾರದ ಷರ್ಟುಗಳಿಗೆಲ್ಲ ಇಸ್ತ್ರಿ, ಷೂಗೆ ಪಾಲಿಶ್, ಡಬ್ಬಿಗೆ ಚಟ್ನಿಪುಡಿ. ಊಟವಾದ ಮೇಲೆ, ಎರಡರಿಂದ ಆರರವರೆಗೆ, ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ತಲೆ ತಣ್ಣಗಾದರೆ ವಾರ ಪೂರ್ತಿ ಸಿಟ್ಟು ಬರುವುದಿಲ್ಲವಂತೆ. ಕಾಲೇಜಿನಲ್ಲಿ ನನಗೆ ರೇಡಿಯೋ ಅಂತಲೇ ಹೆಸರು! ಈಗ ಸ್ವಿಚ್ ಆಫ್. ಎದುರಿಗೇ ಕಣ್ಣು ಮುಚ್ಚಿ ಕೂತಿದ್ದಾರೆ. ಎಷ್ಟು ಶಾಂತ ಮುಖ. ನಗು ತಡೆಯಲಾಗುತ್ತಿಲ್ಲ—

ಜೂನ್ 3, ಸೋಮವಾರ

ನಕ್ಕುಬಿಟ್ಟಿದ್ದೆ. ಇವತ್ತು ಬಸ್ಸಿಗೆ ಹೊರಡುವವರೆಗೂ ಮಾತಿಲ್ಲ. ನನ್ನದೇ ತಪ್ಪು. ಸಾಯಂಕಾಲ ಬರುವಾಗ ಮಲ್ಲಿಗೆ ತಂದರು!

ಜೂನ್ 16, ಭಾನುವಾರ, ಸಂಜೆ 7

ಬೆಳಿಗ್ಗೆ ಕರೆಂಟು ಇರಲಿಲ್ಲ. ಇಸ್ತ್ರಿ ಎರಡರ ಮೇಲಕ್ಕೆ ಹೋಯಿತು. ಪೆಟ್ಟಿಗೆ ಜಾರಿ ಮಣಿಕಟ್ಟಿನ ಮೇಲೆ ಕೂತಿತು. ‘ಅಮ್ಮಾ’ ಅಂದೆ. ಇವರು ಕಣ್ಣು ಬಿಟ್ಟು ಗಡಿಯಾರ ನೋಡಿದರು. ಎದ್ದು ಬಂದರು. ಷರ್ಟು ಸುಡದ ಹಾಗೆ ಪೆಟ್ಟಿಗೆ ಎತ್ತಿಟ್ಟರು. ಹೋಗಿ ಮತ್ತೆ ಕೂತರು.

ಆರು ಹೊಡೆದ ಮೇಲೆ ತಾವೇ ಬರ್ನಾಲ್ ಹಚ್ಚಿದರು. “ನೀನು ಒಂದು ಮಾತಾಡಿಬಿಟ್ಟೆ, ಶಶಿ. ಇನ್ನೊಂದು ದಿನ ಸೇರಿಸೋಣ.”

ಸಿಟ್ಟೇ ಇಲ್ಲ. ಅಷ್ಟು ಮೃದುವಾಗಿ. ಸೋಮವಾರವೂ ಮಾತಿಲ್ಲ, ಇನ್ನು ಪ್ರತಿ ವಾರ.

ಜೂನ್ 20, ಗುರುವಾರ

ಅತ್ತೆ ಹುರುಳಿಕಾಳು ತಂದಿದ್ದರು. ಕೈ ನೋಡಿದರು. ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು.

“ಅವ್ರಪ್ಪನೂ ಭಾನ್ವಾರದಿಂದ್ಲೇ ಸುರು ಮಾಡುದ್ದು ಕಣವ್ವ. ಈಗ ವಾರೆಲ್ಲ ತಣ್ಣಗದೆ. ನಾನೂ ನಿನ್ನಂಗೇ ವಟವಟ ಅಂತಿದ್ದೋಳು. ಬುಡು, ಅಭ್ಯಾಸ ಆಯ್ತದೆ.”

ಇವರು ಬಂದ ಕೂಡಲೇ ನಾನು ಹೇಳಿದ್ದನ್ನೆಲ್ಲ ತಮಾಷೆಯಾಗಿ ಮಗನಿಗೂ ಹೇಳಿದರು. ಇವರೂ ನಕ್ಕರು. ಅತ್ತೆ ಬಸ್ಸು ಹತ್ತಿದ ಮೇಲೆ, ಗುರುವಾರವೂ ಸೇರಿತು.

ಜುಲೈ 14, ಭಾನುವಾರ, 4

ರೈಲಿನ ಸೀಟಿ ಕೇಳಿಸಿತು. ಮೈಸೂರಿನ ಗಾಡಿ ಇರಬೇ

ಜುಲೈ 16, ಮಂಗಳವಾರ

ಪೆನ್ನಿನ ಸದ್ದು ಕೇಳುತ್ತದಂತೆ. ಬರೆಯುವುದೂ ಮಾತೇ ಅಂದರು. ಶುಕ್ರವಾರವೂ ಸೇರಿತು. ಮಾತಿರುವ ದಿನಕ್ಕೆ ಇಟ್ಟುಕೊಂಡ ಮಾತು ಆ ದಿನ ಬಾಯಿಗೇ ಬರುವುದಿಲ್ಲ. ಇವತ್ತು ಹಾಲಿನವನಿಗೂ ಬೆರಳಲ್ಲೇ ತೋರಿಸಿದೆ.

ಆಗಸ್ಟ್ 6, ಮಂಗಳವಾರ

ಹೇಗೋ ಕೇಳಿಬಿಟ್ಟೆ— ಅಮ್ಮ ಒಂದು ಸಲ ಬಂದು ಹೋಗಲಿ. ಆಗಲಿ ಅಂದರು! ನಂಬಲಾಗುತ್ತಿಲ್ಲ. ನಾನೇ ಹೋದರೆ ಮದುವೆಯಾಗಿ ನಾಲ್ಕು ತಿಂಗಳಿಗೇ ಓಡಿಬಂದಳು ಅನ್ನುತ್ತಾರೆ. ಅಮ್ಮನೇ ಕರೆದುಕೊಂಡು ಹೋದರೆ ಯಾರೂ ಏನೂ ಅನ್ನುವ ಹಾಗಿಲ್ಲ. ಅವಳಿಗೆ ಹೇಳಬೇಕು, ಅಷ್ಟೇ. ಒಂದು ಹತ್ತು ನಿಮಿಷ ಸಾಕು. ಮಂಚದ ಕೆಳಗೆ ಬ್ಯಾಗು ರೆಡಿ. ಇಷ್ಟು ಖುಷಿ ಎಷ್ಟು ದಿನವಾಗಿತ್ತು...

ಆಗಸ್ಟ್ 10, ಶನಿವಾರ

ಆಫೀಸಿನಿಂದಲೇ ಅಮ್ಮನಿಗೆ ಫೋನ್ ಮಾಡಿದರಂತೆ. ಕಾಫಿ ಕುಡಿಯುತ್ತ ಹೇಳಿದರು.

“ನಮ್ಮ ಪದ್ಧತಿ ಕೇಳಿ ಅವರಿಗೆ ತುಂಬ ಖುಷಿಯಾಯ್ತು ಶಶಿ. ‘ಅವಳು ಬಾಯಿ ತೆಗೆದರೆ ನಾನೇ ಸುಮ್ಮನಾಗಿಸ್ತೀನಿ, ನೀವು ಯೋಚನೆ ಮಾಡಬೇಡಿ’ ಅಂದ್ರು. ರೇಡಿಯೋ ಕೊನೆಗೂ ಬಂದ್ ಆಯ್ತಲ್ಲ ಅಂತ ನಗು ಬೇರೆ. ಐದೂವರೆ ಗಾಡಿಗೆ ವಾಪಸ್. ನಾನೇ ಹತ್ತಿಸಿ ಬರ್ತೀನಿ.”

ಯಾವತ್ತು ಅಂತ ಕೇಳಿದೆ. ಷರ್ಟುಗಳನ್ನು ಎಣಿಸುತ್ತ ಹೇಳಿದರು.

ಅಮ್ಮ ಬರುವುದು ನಾಳೆ ಭಾನುವಾರ, ಎರಡು ಗಂಟೆಯ ರೈಲಿಗೆ