ಭಾವನ ಶನಿವಾರಗಳು

ವುಲ್ವರ್‌ಹ್ಯಾಂಪ್ಟನ್
14 ಅಕ್ಟೋಬರ್ 2017

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಅಮ್ಮನ ಬೆನ್ನಿನ ಹುಣ್ಣು ಒಣಗಿತೇ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಫೋನಿನಲ್ಲಿ ಹೇಳುವುದು ನನಗೆ ಸುಲಭ. ಎತ್ತಿ ಹೊರಳಿಸುವವಳು ನೀನು. ಡಾಕ್ಟರ್ ಮಗ ಇಲ್ಲಿ ಕೂತಿದ್ದಾನೆ, ಮಗಳು ಗಂಡನನ್ನು ಇಲ್ಲಿ ಬಿಟ್ಟು ಎರಡು ವರ್ಷ ಮೈಸೂರಿನಲ್ಲಿ ಅಮ್ಮನ ಹಾಸಿಗೆ ಕಾದಳು. ಆ ಋಣವೂ ನನ್ನ ಮೇಲಿದೆ. ದಾಕ್ಷಾಯಣಿ ಚೆನ್ನಾಗಿದ್ದಾಳೆ. ನಾನು ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಅದಕ್ಕೆ ಕೊರತೆಯಿಲ್ಲ.

ಭಾವನ ಸಾವಿನ ವಿಚಾರಣೆ ಬರುವ ಗುರುವಾರ. ಅವರು ತಮ್ಮ ರೈಫಲ್ಲಿನಿಂದಲೇ ಹೋದರು ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಏಕೆ ಎಂದು ಕೇಳುತ್ತಾರೆ. ಕಾರ್ಯ ಮುಗಿಸಿ ನೀನು ಊರಿಗೆ ಹೊರಡುವಾಗ ಏರ್‌ಪೋರ್ಟಿನಲ್ಲಿ ಹೇಳಿದ ಮಾತು ದಿನವೂ ನೆನಪಾಗುತ್ತದೆ: "ಕ್ವಾರಿ ಮುಚ್ಚಿ ಅಂತ ಕೌನ್ಸಿಲ್‌ಗೆ ಬರೆದ ಆ ಡಾಕ್ಟರ್ ಯಾರು ಅಂತ ತಿಳ್ಕೊಂಡು ಹೇಳು, ಹರಿ. ಅವನ ಹೆಂಡ್ತಿ ಮುಖ ಒಂದ್ಸಲ ನೋಡ್ಬೇಕು ನಾನು."

ನೋಡಿದ್ದೀಯ, ಅಕ್ಕಾ. ಹದಿಮೂರು ದಿನವೂ ನಿನಗೆ ಕಾಫಿ ತಂದುಕೊಟ್ಟವಳು ಅವಳೇ. ಆ ಡಾಕ್ಟರ್ ನಾನು. ದಾಕ್ಷಾಯಣಿಗೆ ಇದು ಮೊನ್ನೆಯವರೆಗೂ ಗೊತ್ತಿರಲಿಲ್ಲ, ಅವಳನ್ನು ಬೈಯಬೇಡ.

ಜನವರಿಯಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ಭಾವ ಊಟದ ಮೇಜಿನ ಮೇಲೆ ರೈಫಲ್ ಇಟ್ಟುಕೊಂಡು ಒರೆಸುತ್ತಿದ್ದರು. ಕುಕ್ಕರಿನಲ್ಲಿ ಮೂರು ದಿನದ ಅನ್ನ ಹಳಸಿತ್ತು. ತಲೆ ಎತ್ತದೆ, "ಸಾಕಾಗಿದೆ ಹರಿ," ಎಂದರು. ಕ್ಲಿನಿಕ್ಕಿನಲ್ಲಿ ಗುರುತಿಲ್ಲದವರನ್ನು ಕೂರಿಸಿಕೊಂಡು, ಸಾಯುವ ಯೋಚನೆ ಬರುತ್ತಿದೆಯೇ ಎಂದು ದಿನವೂ ಕೇಳುವ ಪ್ರಶ್ನೆ ಅವತ್ತು ನನ್ನ ಬಾಯಿಗೆ ಬರಲಿಲ್ಲ. ಇಲ್ಲಿನ ಡಾಕ್ಟರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ನನ್ನನ್ನು ಮೇಲಿನ ಕೋಣೆಯಲ್ಲಿಟ್ಟು ಸಾಕಿದವರು, ರಾತ್ರಿಯೆಲ್ಲ ಕೂತು ನನ್ನ ನೋಟ್ಸ್ ತಿದ್ದಿದವರು. ಅವರ ಎದುರು ಕೂತು, ನಿಮ್ಮ ಮನಸ್ಸು ಸರಿಯಿಲ್ಲ, ಬಂದೂಕು ಕೊಡಿ ಎನ್ನುವುದು ಹೇಗೆ? ಅವರ ಫ್ಯಾಮಿಲಿ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಪೊಲೀಸರು ಬಂದು ಬಂದೂಕು ಒಯ್ಯುತ್ತಿದ್ದರು. ಅದೂ ಚಾಡಿ ಹೇಳಿದಂತೆ ಎನ್ನಿಸಿತು.

ಆಗಲೇ ಕ್ವಾರಿಯ ಗೇಟಿಗೆ ನೋಟಿಸು ಅಂಟಿಸಿದ್ದರು. ಆ ಹಳೆಯ ಕಲ್ಲುಗಣಿ ಸಾರ್ವಜನಿಕ ಜಾಗ, ಪಕ್ಕದ ಊರಿನ ಕೌನ್ಸಿಲ್ಲಿನದು. ನಲವತ್ತು ವರ್ಷದಿಂದ ಭಾವನ ಶೂಟಿಂಗ್ ಕ್ಲಬ್ಬಿಗೆ ಗುತ್ತಿಗೆ. ಮತ್ತೆ ಗುತ್ತಿಗೆ ಕೊಡುವುದೋ, ಮನೆ ಕಟ್ಟುವವರಿಗೆ ಮಾರುವುದೋ ಎಂದು ಜನರ ಅಭಿಪ್ರಾಯ ಕೇಳಿದ್ದರು. ಗುರಿ ಹೊಡೆಯುವ ಜಾಗವೇ ಹೋದರೆ ಪರವಾನಗಿ ಹೋಗುತ್ತದೆ, ಬಂದೂಕು ತಾನಾಗಿ ಮನೆ ಬಿಡುತ್ತದೆ ಎಂದು ಲೆಕ್ಕ ಹಾಕಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನೋ ಬುದ್ಧಿ ನಿಂದು ಎಂದು ನೀನು ಚಿಕ್ಕಂದಿನಿಂದ ಬೈಯುತ್ತಿದ್ದೆ. ಮಣ್ಣಿನಲ್ಲಿ ಸೇರಿದ ಗುಂಡುಗಳ ಸೀಸ, ಅಲ್ಲಿ ಓಡಾಡುವ ಮಕ್ಕಳು ಎಂದು ಎರಡು ಪುಟ ಕೈಯಾರೆ ಬರೆದೆ. ಒಂದಕ್ಷರ ಸುಳ್ಳಿರಲಿಲ್ಲ, ಉದ್ದೇಶ ಮಾತ್ರ ಬೇರೆ.

ಏಪ್ರಿಲ್ ಕೊನೆಗೆ ಕ್ವಾರಿಗೆ ಬೀಗ ಬಿತ್ತು. ಪರವಾನಗಿ ರದ್ದಾಗಲು ಕಾಗದಪತ್ರ ಓಡಾಡಬೇಕಿತ್ತು. ಬಂದೂಕು ಮನೆಯಲ್ಲೇ ಉಳಿಯಿತು. ಹೋದದ್ದು ಅವರ ಶನಿವಾರ. ಆ ಫ್ಲಾಸ್ಕಿನ ಟೀ, ನಾಲ್ಕು ಜನ ಮುದುಕರ ಹರಟೆ, ಹತ್ತಕ್ಕೆ ಒಂಬತ್ತು ಬಿತ್ತು ಎಂದು ನಿನಗೆ ಮಾಡುತ್ತಿದ್ದ ಫೋನು. ವಾರದಲ್ಲಿ ಅವರು ಗಡ್ಡ ಹೆರೆದು ಹೊರಗೆ ಹೊರಡುತ್ತಿದ್ದದ್ದು ಅದೊಂದೇ ದಿನಕ್ಕೆ ಎಂದು ನನಗೆ ಹೊಳೆಯಲೇ ಇಲ್ಲ. ಬೀಗ ಬಿದ್ದ ಮೂರನೆಯ ಶನಿವಾರ ಅವರು ಹೋದರು.

ಗುರುವಾರ ಇದನ್ನೆಲ್ಲ ಹೇಳುತ್ತೇನೆ. ನನ್ನ ಕೆಲಸ ಏನಾಗುತ್ತದೋ ಆಗಲಿ. ಪರರ ಬಾಯಿಂದ ನೀನು ಕೇಳಬಾರದೆಂದು ಮೊದಲು ನಿನಗೆ ಬರೆದೆ. ಕ್ಷಮಿಸು ಎನ್ನುವ ಧೈರ್ಯ ನನಗಿಲ್ಲ. ಅಮ್ಮನಿಗೆ ಇದು ತಿಳಿಯುವುದು ಬೇಡ. ಅವಳ ಪಾದ ಮುಟ್ಟಿ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ಹರಿಪ್ರಸಾದ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬಂದಿರಲಿಲ್ಲ: ನಿನ್ನೆ ಪೊಲೀಸರು ಭಾವನ ಚೀಲ ವಾಪಸು ಕೊಟ್ಟರು. ಅದರಲ್ಲಿ ಕೌನ್ಸಿಲ್ಲು ಕ್ಲಬ್ಬಿನವರಿಗೆಲ್ಲ ಕಳಿಸಿದ್ದ ನನ್ನ ಕೈಬರಹದ ಕಾಗದದ ನಕಲಿದೆ. ಹೆಸರಿಗೆ ಕಪ್ಪು ಬಳಿದಿದ್ದಾರೆ. ಅದರ ಪಕ್ಕದಲ್ಲಿ ಭಾವ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, 'ಹರಿ, ಮಾರ್ಚ್ 2' ಎಂದು ಬರೆದಿಟ್ಟಿದ್ದಾರೆ. ಅದರ ಮುಂದಿನ ಭಾನುವಾರ ನನ್ನನ್ನು ಟಿವಿಡೇಲಿನ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿ, ತಮ್ಮ ಪಾಲಿನ ಪುಳಿಯೋಗರೆಯನ್ನೂ ನನ್ನ ತಟ್ಟೆಗೆ ಹಾಕಿದ್ದರು. ಆಮೇಲೂ ಒಂದು ಮಾತು ಕೇಳಲಿಲ್ಲ. ನಾನಾಗಿಯೇ ಬಾಯಿ ಬಿಡಲಿ ಎಂದು ಹನ್ನೊಂದು ವಾರ ಕಾದಿದ್ದಾರೆ, ಅಕ್ಕಾ.