ಹಲಗೆ ಎಬ್ಬಿಸುವ ಹಕ್ಕು

ಬುಧವಾರ, ಬೆಳಿಗ್ಗೆ

ಮಗಳೇ,

ನಿನ್ನ ಅಪ್ಪ ಗಟ್ಟಿಮುಟ್ಟಾಗಿದ್ದಾನೆ. ಯಾರೂ ಕೇಳದಿರುವುದರಿಂದ ನಾನೇ ತಿಳಿಸುತ್ತಿದ್ದೇನೆ.

ನಿನ್ನ ಮಲಗುವ ಕೋಣೆಯ ಮರದ ನೆಲದಡಿ ಪೈಪು ಸೋರುತ್ತಿರುವುದು ನನಗೆ ಗೊತ್ತಾದದ್ದು ಅಳಿಯಂದಿರಿಂದ. ಅಷ್ಟರಲ್ಲಾಗಲೇ ಶನಿವಾರ ನಿನ್ನ ಮಾವ ಬಂದು ಹಲಗೆ ಎಬ್ಬಿಸುವುದು ನಿಕ್ಕಿಯಾಗಿತ್ತಂತೆ. ಮೂವತ್ತೊಂದು ವರ್ಷ ಮರದ ಡಿಪೋದಲ್ಲಿ ಹಲಗೆ ಅಳೆದ ಅಪ್ಪ ಇರುವಾಗ, ರೈಲು ಡಬ್ಬಿಗೆ ಬೋಲ್ಟು ಬಿಗಿದವರಿಗೆ ಮೊದಲ ಫೋನು! ನನಗೇನೂ ಹೊಟ್ಟೆಕಿಚ್ಚಿಲ್ಲ. ಐ ಆಮ್ ನಾಟ್ ಜೆಲಸ್. ಎರಡು ಭಾಷೆಯಲ್ಲೂ ಹೇಳಿದ್ದೇನೆ.

ಬೀಗರು ಜಿಗ್‌ಸಾ ಗರಗಸ ತರುತ್ತಾರೆಂದು ಕೇಳಿದೆ. ಬೇಡ ಅನ್ನು. ಅದರ ಬ್ಲೇಡು ಹಲಗೆ ದಾಟಿ ಕೆಳಗೆ ಚುಚ್ಚುತ್ತಲೇ ಇರುತ್ತದೆ. ಅಲ್ಲಿ ಪೈಪಿದೆಯೋ ವಯರಿದೆಯೋ ಅದಕ್ಕೇನು ಗೊತ್ತು? ದುಂಡು ಬ್ಲೇಡಿನ ಗರಗಸವೇ ಸರಿ, ಅದೂ ಬ್ಯಾಟರಿಯದು. ಅದರಲ್ಲಿ ಆಳ ಕಟ್ಟುವ ತಿರುಪು ಇರುತ್ತದೆ. ಹಲಗೆಯ ದಪ್ಪ ಎಷ್ಟೋ ಅಷ್ಟೇ ಇಳಿಯಬೇಕು, ಕೂದಲೆಳೆಯೂ ಹೆಚ್ಚಲ್ಲ. ಗೋಡೆಯಂಚಿಗೆ ಅದು ಹೋಗುವುದಿಲ್ಲ. ಅಲ್ಲಿಗೆ ಗಿರಗಿರ ತಿರುಗದೆ ನಡುಗುತ್ತಲೇ ಕುಯ್ಯುವ ಪುಟ್ಟ ಮಲ್ಟಿಟೂಲು ಬೇಕು. ಹಲಗೆಗಳು ಅಂಚಿಗೆ ಅಂಚು ಕಚ್ಚಿಕೊಂಡಿರುತ್ತವೆ. ಆ ಕಚ್ಚನ್ನು ಉದ್ದಕ್ಕೂ ಕುಯ್ದರೆ ಮಾತ್ರ ಒಂದು ಹಲಗೆ ಮೇಲೇಳುತ್ತದೆ. ಮೊಳೆಗಳ ಸಾಲು ಎಲ್ಲಿದೆಯೋ ಅಲ್ಲೇ ಕೆಳಗೆ ತೊಲೆ. ಅಡ್ಡಕ್ಕೆ ಕುಯ್ಯುವಾಗ ಮೊಳೆ ತಪ್ಪಿಸಿ, ತೊಲೆಯ ಮೇಲೇ ಕುಯ್ಯಬೇಕು. ಮತ್ತೆ ಹಲಗೆ ಕೂರಿಸಲು ಆಸರೆ ಬೇಡವೇ?

ಮೊದಲು ಆ ಕೋಣೆಯ ಕರೆಂಟು ಆರಿಸು, ನೀರಿನ ವಾಲ್ವು ಮುಚ್ಚು. ಕನ್ನಡಕ, ಮೂಗಿಗೆ ಮಾಸ್ಕು. ಬ್ಲೇಡು ಬದಲಿಸುವಾಗ ಬ್ಯಾಟರಿ ಕಳಚಿರಬೇಕು. ಜಡೆ, ಸೆರಗು ಯಾವುದೂ ಜೋತಾಡಬಾರದು. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್... ಮುಂದಿನದು ಮರೆತೆ. ನಾನು ಮರೆತದ್ದನ್ನೆಲ್ಲ ನಿನ್ನ ಅಮ್ಮ ಪೂರ್ತಿ ಮಾಡುತ್ತಿದ್ದಳು.

ಮುಖ್ಯವಾದದ್ದು: ಒಂದೊಂದು ಹಲಗೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ಮೊದಲನೆಯದು ಅಳೆದು, ಉಳಿದದ್ದೂ ಅಷ್ಟೇ ಅಂದುಕೊಳ್ಳಬಾರದು. ನಮ್ಮ ಡಿಪೋದಲ್ಲಿ ಹಾಗೇ ಮಾಡುತ್ತಿದ್ದೆವು, ಒಂದು ಹಲಗೆ ಅಳೆದರೆ ಇಡೀ ರಾಶಿಗೆ ಅದೇ ಲೆಕ್ಕ. ಮನೆಯ ನೆಲಕ್ಕೆ ಅದು ನಡೆಯದು. ಹೇಗೆ ಗೊತ್ತು ಅಂತ ಕೇಳಬೇಡ.

ನಿನಗೆ ನೆನಪಿರಬೇಕು, ನಿನ್ನನ್ನು ನೋಡಲು ಬಂದ ದಿನವೇ ಬೀಗರು ನಮ್ಮ ಬಾಗಿಲು ಕಿರುಗುಟ್ಟುತ್ತದೆಂದು ಕಳಚಿ, ಹತ್ತು ನಿಮಿಷದಲ್ಲಿ ಉಜ್ಜಿ ಕೂರಿಸಿಬಿಟ್ಟರು. ನಾನು ಆರು ವರ್ಷದಿಂದ ನಾಳೆ ನಾಳೆ ಅನ್ನುತ್ತಿದ್ದ ಬಾಗಿಲು. ನಿನ್ನ ಅಮ್ಮ ಅವರಿಗೆ ಎರಡನೇ ಲೋಟ ಚಹಾ ಕೊಟ್ಟು, ನೋಡ್ರೀ, ಕೈ ಅಂದ್ರೆ ಹಿಂಗಿರ್ಬೇಕು ಅಂದಳು. ನಕ್ಕುಬಿಟ್ಟೆ. ಆ ನಗು ಇವತ್ತಿಗೂ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ಈಗ ನೀನೂ ಅವರನ್ನೇ ಕರೆದೆ. ನಿನ್ನ ಮನೆಯಲ್ಲಿ ಒಂದು ಹಲಗೆಯನ್ನಾದರೂ ನಾನು ಎಬ್ಬಿಸಬಾರದೇ? ಗರಗಸ ಆಗಲೇ ಕೊಂಡಿದ್ದೇನೆ. ಮಾವನವರಿಗೆ ನೀನೇ ಫೋನು ಮಾಡಿ, ಅಪ್ಪ ಬರ್ತಾರೆ, ನಿಮಗೆ ಯಾಕೆ ಶ್ರಮ ಅಂದುಬಿಡು.

ಶನಿವಾರದ ದಾರಿ ಕಾಯುತ್ತಿರುವ,
ನಿನ್ನ ಅಪ್ಪ

ಮರೆತ ಮಾತು: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಸೋಮವಾರ ಅಭ್ಯಾಸಕ್ಕೆಂದು ನಮ್ಮ ನಡುಮನೆಯ ಹಲಗೆ ಕುಯ್ದೆ. ಬಾಗಿಲ ಬಳಿಯದನ್ನು ಅಳೆದು ಆಳ ಕಟ್ಟಿದ್ದೆ. ನಡುವಿನವು ಸವೆದು ತೆಳ್ಳಗಾಗಿದ್ದವು. ಕರೆಂಟು ಆರಿಸಿದ್ದೆ, ವಾಲ್ವು ಮರೆತಿದ್ದೆ. ಬ್ಲೇಡು ಹಲಗೆ ದಾಟಿ ಪೈಪು ಸೀಳಿತು, ನೀರು ಮುಖಕ್ಕೇ ಚಿಮ್ಮಿತು. ನಾನು ಯಾರಿಗೆ ಫೋನು ಮಾಡಿದೆ ಗೊತ್ತೇ? ಬೀಗರಿಗೆ. ಚಪ್ಪಲಿಯನ್ನೂ ಅದಲು ಬದಲು ಹಾಕಿಕೊಂಡು ಓಡಿ ಬಂದರು. ಎಲ್ಲ ಸರಿಮಾಡಿ, ಬೀಗರೇ, ಮಗೂಗೆ ಹೇಳೋದು ಬೇಡ, ಶನಿವಾರ ನೀವೇ ಕುಯ್ಯಿರಿ, ನಾನು ಪಕ್ಕದಲ್ಲಿರ್ತೀನಿ ಅಂದರು. ಇಷ್ಟು ಒಳ್ಳೆಯವರ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ? ಮಾವನವರಿಗೆ ಫೋನು ಮಾಡಬೇಡ. ಅವರೇ ಕುಯ್ಯಲಿ. ಆದರೆ ಅಳತೆ ನನ್ನದು, ಪ್ರತಿ ಹಲಗೆಯದೂ. ಅದಕ್ಕೆ ಬೇರೆ ಯಾರೂ ಕೈ ಹಾಕಕೂಡದು.